ಫೋಟೋಕ್ಕೆ ನಿಲ್ಲುವ ಕೂಲಿ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ತೆಗೆದ ಬಾಗಿಲನ್ನು ಮಧ್ಯಾಹ್ನ 1.30ಕ್ಕೆ ಹಾಕುತ್ತಾರೆ. ಬಿಸಿಲು 42–43 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಇದು ನ್ಯಾಯವಾದ ಏರ್ಪಾಡೇ. ಅದೇ ತಿಂಗಳು, ಅದೇ ಜಿಲ್ಲೆಯಲ್ಲಿ, ಊರ ಹೊರಗಿನ ನಾಲಾ ಹೂಳೆತ್ತಲು ನಸುಕಿನಲ್ಲೇ ಗುದ್ದಲಿ, ಬುಟ್ಟಿ ಹಿಡಿದು ಹೋದ ಹೆಣ್ಣುಮಕ್ಕಳು ತಮ್ಮ ಪಾಲಿನ ಮಣ್ಣು ಅಗೆದು ಮುಗಿಸಿ, ಜಾಲಿ ಗಿಡದ ಅರೆನೆರಳಲ್ಲಿ ಸೆರಗು ತಲೆಗೆ ಹೊದ್ದು ಕೂತಿರುತ್ತಾರೆ. ಕೆಲಸ ಮುಗಿದರೂ ಮನೆಗೆ ಹೋಗಿಲ್ಲ. ಇನ್ನೊಂದು ಫೋಟೋ ಆಗಬೇಕು.

ಉದ್ಯೋಗ ಖಾತ್ರಿಯ ಈ ಎರಡನೇ ಫೋಟೋ ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಕೆಲಸದ ಜಾಗಕ್ಕೆಂದು ದೂರದಲ್ಲಿ ಕೂತು ಬರೆದ ನಿಯಮವೊಂದು ಹೊಲದ ಬದುವಿಗೆ ಬಂದಾಗ ಏನೇನಾಗುತ್ತದೆ, ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮೊದಲು ನಿಯಮ ಏನೆಂದು ನೋಡೋಣ. 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಉದ್ಯೋಗ ಖಾತ್ರಿ ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಬೀದರ್ ಮತ್ತು ಆಗಿನ ಗುಲಬರ್ಗಾ ಇದ್ದವು. ಯಾದಗಿರಿ ಆಗ ಗುಲಬರ್ಗಾದ ಒಳಗೇ ಇತ್ತು. ಅಂದರೆ ಈ ಭಾಗದವರಿಗೆ ಖಾತ್ರಿ ಕೆಲಸ ಮೊದಲ ದಿನದಿಂದಲೂ ಗೊತ್ತು. ಹಾಜರಿ ಪಟ್ಟಿಯಲ್ಲಿ ಸುಳ್ಳು ಹೆಸರು ಬರೆಯುವುದು, ಜೆಸಿಬಿ ಹಚ್ಚಿ ಕೆಲಸ ಮಾಡಿಸಿ ಕೂಲಿಕಾರರ ಹೆಸರಲ್ಲಿ ದುಡ್ಡು ತೆಗೆಯುವುದು ಕೂಡ ಗೊತ್ತು. ಇದನ್ನು ತಡೆಯಲೆಂದೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2021ರಲ್ಲಿ ಎನ್‌ಎಂಎಂಎಸ್ ಎಂಬ ಮೊಬೈಲ್ ಹಾಜರಿ ಆ್ಯಪ್ ತಂದಿತು. 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ಕೆಲಸದ ಜಾಗದಲ್ಲೇ ನಿಂತು ದಿನಕ್ಕೆ ಎರಡು ಸಲ ಕೂಲಿಕಾರರ ಗುಂಪಿನ ಫೋಟೋ ತೆಗೆದು ಹಾಕಬೇಕು. ಹಾಕದಿದ್ದರೆ ಆ ದಿನ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ.

ಉದ್ದೇಶದಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಕಳ್ಳತನ ಇತ್ತು. ಎಡವಟ್ಟಾದದ್ದು ಇನ್ನೊಂದು ಕಡೆ.

ಖಾತ್ರಿಯ ಕೂಲಿ ದಿನಗೂಲಿಯಂತೆ ಕಂಡರೂ ಒಳಗೆ ಅದು ಅಳತೆಯ ಕೂಲಿ. ಒಂದು ಆಳು ಇಂಥ ಮಣ್ಣಿನಲ್ಲಿ ದಿನಕ್ಕೆ ಇಷ್ಟು ಘನ ಮೀಟರ್ ಅಗೆದರೆ ಪೂರ್ತಿ ಕೂಲಿ ಎಂದು ದರಪಟ್ಟಿ ಹೇಳುತ್ತದೆ. ಬೀದರ್ ಕಡೆಯ ಕೆಂಪು ಮುರಕಲ್ಲಿಗೆ ಒಂದು ಲೆಕ್ಕ, ಜೇವರ್ಗಿಯ ಎರೆ ಮಣ್ಣಿಗೆ ಇನ್ನೊಂದು. ಎಂಜಿನಿಯರ್ ಬಂದು ಟೇಪು ಹಿಡಿದು ಅಳೆದು ಅಳತೆ ಪುಸ್ತಕದಲ್ಲಿ ಬರೆದ ಮೇಲೆಯೇ ಪಗಾರ ಲೆಕ್ಕವಾಗುವುದು. ಗುಂಪು ಕಡಿಮೆ ಅಗೆದಿದ್ದರೆ 2025–26ರಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ 370 ರೂಪಾಯಿ ಪೂರ್ತಿ ಸಿಗುವುದಿಲ್ಲ.

ಅಳತೆಯ ಕೂಲಿಗೆ ಒಂದು ದೊಡ್ಡ ಗುಣವಿದೆ. ಸಮಯ ಕೆಲಸಗಾರನ ಕೈಯಲ್ಲಿರುತ್ತದೆ. ಶಹಾಪುರದ ಕಡೆ ಹತ್ತಿ ಬಿಡಿಸುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ಯಾವಾಗ ಬಂದೆ, ಎಷ್ಟು ಹೊತ್ತು ಕೂತೆ ಎಂದು ಹೊಲದ ಮಾಲೀಕ ಕೇಳುವುದಿಲ್ಲ, ತಕ್ಕಡಿ ಮಾತಾಡುತ್ತದೆ. ತೊಗರಿ ಕೊಯ್ಲನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದ ಗುಂಪೂ ಹಾಗೇ, ಬೆಳದಿಂಗಳಲ್ಲಿ ಕೊಯ್ದರೂ ಅವರಿಷ್ಟ. ಖಾತ್ರಿಯಲ್ಲೂ ಬೇಸಿಗೆಯ ರೂಢಿ ಹೀಗೇ ಬೆಳೆದಿತ್ತು. ಬೆಳಗ್ಗೆ ಆರಕ್ಕೆ ಇಳಿಯುವುದು, ಬಿಸಿಲು ಏರುವುದರೊಳಗೆ ಅಗೆದು ಮುಗಿಸುವುದು, ಹನ್ನೊಂದಕ್ಕೆಲ್ಲ ಮನೆ. ಆಮೇಲೆ ರೊಟ್ಟಿ, ನೀರು, ಎಮ್ಮೆ, ಮಕ್ಕಳು. ಖಾತ್ರಿ ಕೆಲಸಕ್ಕೆ ಬರುವವರಲ್ಲಿ ಸುಮಾರು ಅರ್ಧದಷ್ಟು ಹೆಂಗಸರು ಯಾಕೆ ಎಂಬುದಕ್ಕೆ ಕಾರಣ ಹುಡುಕುವವರು ಗಂಡು-ಹೆಣ್ಣಿಗೆ ಸಮಾನ ಕೂಲಿ ಎಂಬುದನ್ನು ಹೇಳುತ್ತಾರೆ. ಅದು ನಿಜ. ಹೊತ್ತಿನ ಮೇಲೆ ಅವರಿಗಿದ್ದ ಈ ಹಿಡಿತವೂ ಅಷ್ಟೇ ದೊಡ್ಡ ಕಾರಣ ಎಂದು ನನ್ನ ಅಂದಾಜು.

ಈಗ ಲೆಕ್ಕ ಹಾಕಿ ನೋಡಿ. ಆರಕ್ಕೆ ಇಳಿದು ಹತ್ತಕ್ಕೆ ಮುಗಿಸುವ ಚುರುಕಿನ ಗುಂಪೊಂದು ಇದೆ ಎಂದುಕೊಳ್ಳೋಣ. ಅವರಿಗೆ ಗಂಟೆಗೆ ಬೀಳುವ ಕೂಲಿ 92 ರೂಪಾಯಿ 50 ಪೈಸೆ. ಆ್ಯಪ್ ಬಂದ ಹೊಸದರಲ್ಲಿ ಬೆಳಗ್ಗೆ 11ರ ಒಳಗೆ ಒಂದು ಫೋಟೋ, ಮಧ್ಯಾಹ್ನ 2ರ ಮೇಲೆ ಇನ್ನೊಂದು ಎಂಬ ನಿಯಮವಿತ್ತು. ಅದೇ ಗುಂಪು ಎರಡರ ತನಕ ಕಾದರೆ ಎಂಟು ಗಂಟೆ. ಗಂಟೆಯ ಕೂಲಿ 46 ರೂಪಾಯಿ 25 ಪೈಸೆಗೆ ಇಳಿಯಿತು. ಅಗೆದ ಮಣ್ಣು ಅಷ್ಟೇ, ಕಾಗದದ ಮೇಲಿನ ಪಗಾರವೂ ಅಷ್ಟೇ. ಅರ್ಧ ಕೂಲಿ ಎಲ್ಲಿ ಹೋಯಿತು? ಸರ್ಕಾರಕ್ಕೂ ಉಳಿಯಲಿಲ್ಲ, ಯಾರ ಜೇಬಿಗೂ ಸೇರಲಿಲ್ಲ. ಜಾಲಿ ಗಿಡದ ಕೆಳಗೆ ಆವಿಯಾಯಿತು.

ಇನ್ನೂ ಒಂದು ಸೋಜಿಗವಿದೆ. ಬಿಸಿಲಿನ ಕಾರಣಕ್ಕೆ ರಾಜ್ಯ ಸರ್ಕಾರವೇ ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಕೆಲಸದ ಪ್ರಮಾಣದಲ್ಲಿ ಶೇ 30ರಷ್ಟು ರಿಯಾಯಿತಿ ಕೊಡುತ್ತದೆ. ನೂರು ಬುಟ್ಟಿ ಹಾಕುವಲ್ಲಿ ಎಪ್ಪತ್ತು ಹಾಕಿದರೂ ಪೂರ್ತಿ ಕೂಲಿ. ಬೇಗ ಮುಗಿಸಿ ನೆರಳಿಗೆ ಹೋಗಲಿ ಎಂಬುದೇ ಅದರ ತಿರುಳು. ಒಂದು ಕೈ ಕೆಲಸದಲ್ಲಿ ಕೊಟ್ಟ ರಿಯಾಯಿತಿಯನ್ನು ಇನ್ನೊಂದು ಕೈ ಹೊತ್ತಿನಲ್ಲಿ ಕಿತ್ತುಕೊಂಡಿತು. ಬೆಂಗಳೂರಿನ ಆದೇಶಕ್ಕೆ ಕಲಬುರಗಿಯ ಬಿಸಿಲು ಗೊತ್ತಿತ್ತು, ದೆಹಲಿಯ ಆ್ಯಪ್‌ಗೆ ಗೊತ್ತಿರಲಿಲ್ಲ.

ದೂರು ಹೆಚ್ಚಾದ ಮೇಲೆ ಸಚಿವಾಲಯ ನಿಯಮ ಸಡಿಲಿಸಿತು. ಮೊದಲ ಫೋಟೋ ಹಾಕಿ ನಾಲ್ಕು ಗಂಟೆ ಆದ ಮೇಲೆ ಯಾವಾಗ ಬೇಕಾದರೂ ಎರಡನೆಯದು ತೆಗೆಯಬಹುದು. ಆರೂವರೆಗೆ ಒಂದು ತೆಗೆದರೆ ಹತ್ತೂವರೆಗೆ ಬಿಡುಗಡೆ. ಇದು ನಿಜವಾದ ಸುಧಾರಣೆ, ಅದನ್ನು ಒಪ್ಪಬೇಕು. ಆದರೆ ನಾಲ್ಕು ಗಂಟೆ ಎಂಬ ಅಂಕಿ ಒಮ್ಮೆ ನೆಲಕ್ಕೆ ಬಿತ್ತೆಂದರೆ ಅದು ಕೆಲಸವನ್ನು ತನ್ನ ಆಕಾರಕ್ಕೆ ಬಗ್ಗಿಸಿಕೊಳ್ಳುತ್ತದೆ. ಮೂರು ಗಂಟೆಯಲ್ಲಿ ಮುಗಿಸಬಲ್ಲ ಗುಂಪು ಯಾಕೆ ಅವಸರ ಮಾಡಬೇಕು? ನಿಧಾನಕ್ಕೆ ಅಗೆದು ನಾಲ್ಕು ತುಂಬಿಸುತ್ತದೆ. ಐದು ಗಂಟೆ ಬೇಕಾದ ಗುಂಪಿಗೂ ನಾಲ್ಕಕ್ಕೆ ಫೋಟೋ ಆದೊಡನೆ ಕಾಲು ಮನೆ ಕಡೆ ಎಳೆಯುತ್ತದೆ. ಅಳತೆಯ ಹೊತ್ತಿಗೆ ನೋಡಿಕೊಂಡರಾಯಿತು. ಕನಿಷ್ಠ ಎಂದು ಬರೆದದ್ದು ಎರಡೂ ಕಡೆಯವರಿಗೆ ಗುರಿಯಾಯಿತು. ಹೀಗೆ ಖಾತ್ರಿಯ ಕೂಲಿ ಪೂರ್ತಿ ಅಳತೆಯದೂ ಅಲ್ಲದ, ಪೂರ್ತಿ ದಿನದ್ದೂ ಅಲ್ಲದ ಒಂದು ಬೆರಕೆಯಾಗಿ ನಿಂತಿದೆ. ಅಳತೆಯ ಕೂಲಿಯ ಸ್ವಾತಂತ್ರ್ಯವಿಲ್ಲ, ದಿನಗೂಲಿಯ ಭದ್ರತೆಯೂ ಇಲ್ಲ. ಎರಡು ಪರೀಕ್ಷೆ ಪಾಸಾಗಬೇಕು, ಪಗಾರ ಒಂದೇ.

ಬೆಂಗ್ಟ್ ಹೋಮ್‌ಸ್ಟ್ರಾಮ್ ಎಂಬ ಅರ್ಥಶಾಸ್ತ್ರಜ್ಞರಿಗೆ 2016ರಲ್ಲಿ ನೊಬೆಲ್ ಬಂದದ್ದು ಇಂಥ ಒಪ್ಪಂದಗಳ ಕುರಿತ ಕೆಲಸಕ್ಕೆ. ಪಾಲ್ ಮಿಲ್‌ಗ್ರಾಮ್ ಜೊತೆ ಅವರು 1991ರಲ್ಲಿ ಬರೆದ ಪ್ರಬಂಧದ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಒಂದು ಕೆಲಸಕ್ಕೆ ಹಲವು ಮುಖಗಳಿದ್ದು, ಅದರಲ್ಲಿ ಅಳೆಯಲು ಸುಲಭವಾದ ಮುಖಕ್ಕೆ ಮಾತ್ರ ದುಡ್ಡು ಕಟ್ಟಿದರೆ, ಜನರ ಶ್ರಮ ಆ ಕಡೆಗೇ ಹರಿಯುತ್ತದೆ, ಉಳಿದವು ಒಣಗುತ್ತವೆ. ಬದು ಗಟ್ಟಿಯಾಗಿದೆಯೇ, ಮಳೆ ಬಂದರೆ ನೀರು ನಿಲ್ಲುತ್ತದೆಯೇ, ಕೃಷಿ ಹೊಂಡದ ಇಳಿಜಾರು ಸರಿಯಿದೆಯೇ ಎಂಬುದನ್ನು ಫೋಟೋ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಚೌಕಟ್ಟಿನೊಳಗೆ ಜನ ಇದ್ದಾರೆಯೇ ಎಂದಷ್ಟೇ ಕೇಳುತ್ತದೆ.

ಇನ್ನು ಫೋಟೋ ತೆಗೆಯುವವರ ಕಡೆ ಬರೋಣ. ಬೇರೆ ರಾಜ್ಯಗಳಲ್ಲಿ ಮೇಟ್ ಅನ್ನುತ್ತಾರೆ, ನಮ್ಮಲ್ಲಿ ಕಾಯಕಬಂಧು. ಬಸವಣ್ಣನ ನೆಲದಲ್ಲಿ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಮೊದಲು ಕಾಯಕಬಂಧು ಆಗಲು ಬೇಕಿದ್ದದ್ದು ಎರಡು ಅಕ್ಷರ ಓದು-ಬರಹ, ಗುಂಪು ಕಟ್ಟಿಕೊಂಡು ಹೋಗುವ ಗುಣ. ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆದು ಪಳಗಿದ ಹೆಣ್ಣುಮಕ್ಕಳಿಗೆ ಇದು ಹೇಳಿ ಮಾಡಿಸಿದ ಕೆಲಸವಾಗಿತ್ತು. ಈಗ ಅದಕ್ಕೆ ಮೂರನೆಯ ಅರ್ಹತೆ ಸೇರಿದೆ, ಒಳ್ಳೆಯ ಮೊಬೈಲು. ತಾಂಡಾದ ಮನೆಯಲ್ಲಿ ಒಂದು ಸ್ಮಾರ್ಟ್‌ಫೋನ್ ಇದ್ದರೆ ಅದು ಯಾರ ಕೈಯಲ್ಲಿರುತ್ತದೆ ಎಂದು ನಮಗೆಲ್ಲ ಗೊತ್ತು. ಹೆಸರು ಅವ್ವನದು, ಫೋನು ಮಗನದು, ಮಗ ಏಳುವುದು ಎಂಟಕ್ಕೆ. ಮೊದಲ ಫೋಟೋ ಒಂಬತ್ತಕ್ಕೆ ಆದರೆ ಎರಡನೆಯದು ಒಂದಕ್ಕೆ ಮುಂಚೆ ಆಗದು. ಒಬ್ಬರ ತಡ ನಲವತ್ತು ಮಂದಿಯ ಬಿಸಿಲು. ಹಾಜರಿ ಪುಸ್ತಕದ ಕಾಲದಲ್ಲಿ ಮೇಟ್ ತಡವಾಗಿ ಬಂದರೆ ಕೆಲಸ ನಿಲ್ಲುತ್ತಿರಲಿಲ್ಲ. ಈಗ ಗಡಿಯಾರ ಶುರುವಾಗುವುದೇ ಅವರ ಬೆರಳಿನಿಂದ.

ಚಿಂಚೋಳಿಯ ಕಾಡಂಚಿನಲ್ಲೋ ಔರಾದಿನ ಗಡಿ ಹಳ್ಳಿಯಲ್ಲೋ ನೆಟ್‌ವರ್ಕ್ ಕೈಕೊಟ್ಟು ಹಾಜರಿ ಏರದಿದ್ದರೆ ಪರಿಹಾರವಿಲ್ಲವೆಂದಲ್ಲ. ಜಿಲ್ಲಾ ಕಾರ್ಯಕ್ರಮ ಸಮನ್ವಯಾಧಿಕಾರಿ, ಅಂದರೆ ಜಿಲ್ಲಾ ಪಂಚಾಯಿತಿಯ ಸಿಇಒ, ವಿನಾಯಿತಿ ಕೊಡಬಹುದು. ಹೊಲದಲ್ಲಿ ಕೈತಪ್ಪಿದ ಒಂದು ದಿನದ 370 ರೂಪಾಯಿ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ದಾಟಿ ಜಿಲ್ಲಾ ಪಂಚಾಯಿತಿಯ ಮೇಜಿನ ತನಕ ಹೋಗಿ ಬರಬೇಕು. ಕಲಬುರಗಿಗೋ ಬೀದರಿಗೋ ಹೋಗಿ ಬರುವ ದಿನವೂ ಒಂದು ಕೂಲಿಯೇ ಅಲ್ಲವೇ? ಇಂಥಲ್ಲಿ ಬುದ್ಧಿವಂತರು ಆ ಒಂದು ದಿನ ಬಿಟ್ಟುಕೊಡುತ್ತಾರೆ. ಮಣ್ಣು ಅಳತೆಗೆ ಸಿಗುತ್ತದೆ, ಅಗೆದವಳ ಹೆಸರು ಹಾಜರಿಗೆ ಸಿಗುವುದಿಲ್ಲ.

ಇಷ್ಟೆಲ್ಲ ತೆತ್ತು ಕಳ್ಳತನ ನಿಂತಿತೇ? 2025ರ ಜುಲೈನಲ್ಲಿ ಸಚಿವಾಲಯವೇ ರಾಜ್ಯಗಳಿಗೆ ಬರೆದ ಸುತ್ತೋಲೆ ಓದಿದರೆ ಉತ್ತರ ಸಿಗುತ್ತದೆ. ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ ಹಾಕುವುದು, ಫೋಟೋದ್ದೇ ಫೋಟೋ ತೆಗೆಯುವುದು, ಚಿತ್ರದಲ್ಲಿ ಇರುವ ತಲೆಗಳಿಗೂ ಹಾಜರಿಯ ಸಂಖ್ಯೆಗೂ ತಾಳೆಯಾಗದಿರುವುದು, ಹೆಂಗಸರ ಹೆಸರಿದ್ದಲ್ಲಿ ಗಂಡಸರು ನಿಂತಿರುವುದು, ಮಧ್ಯಾಹ್ನದ ಫೋಟೋ ಇಲ್ಲದೆಯೂ ಹಾಜರಿ ಬಿದ್ದಿರುವುದು. ಎಲ್ಲವನ್ನೂ ಸಚಿವಾಲಯವೇ ಪಟ್ಟಿ ಮಾಡಿತು. ಅದಕ್ಕೆ ಸೂಚಿಸಿದ ಮದ್ದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಎಲ್ಲ ಫೋಟೋಗಳನ್ನೂ, ಅಂದರೆ ನೂರಕ್ಕೆ ನೂರು, ಮನುಷ್ಯರೇ ಕೂತು ಪರಿಶೀಲಿಸಬೇಕು. ಮನುಷ್ಯರನ್ನು ನಂಬಲಾಗದು ಎಂದು ಯಂತ್ರ ತಂದು, ಯಂತ್ರವನ್ನು ನಂಬಲಾಗದು ಎಂದು ಅದೇ ಮನುಷ್ಯರಿಗೆ ಒಪ್ಪಿಸಿದಂತಾಯಿತು. ನಗಬೇಕೋ ಅಳಬೇಕೋ ತಿಳಿಯದು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸುಳ್ಳು ಹಾಜರಿ ಹಾಕುವವನಿಗೆ ಹೊಸ ನಿಯಮ ಕಲಿಯಲು ಒಂದು ಸಂಜೆ ಸಾಕು. ಅದೇ ಅವನ ಆದಾಯ. ಪ್ರಾಮಾಣಿಕವಾಗಿ ಅಗೆಯುವವಳಿಗೆ ನಿಯಮ ದಾಟುವ ಒಳದಾರಿ ಇಲ್ಲ, ಅವಳು ಪೂರ್ತಿ ಬೆಲೆ ತೆರುತ್ತಾಳೆ. ಕಳ್ಳನಿಗೆ ಐದು ನಿಮಿಷದ ತೊಂದರೆ, ಸಾಚಾ ಇದ್ದವಳಿಗೆ ನಾಲ್ಕು ಗಂಟೆ. ಕಾವಲಿನ ನಿಯಮವೊಂದರ ಬೆಲೆಯನ್ನು ತೂಗುವಾಗ ಎಷ್ಟು ಕಳ್ಳರು ಸಿಕ್ಕರು ಎಂದು ಮಾತ್ರ ಕೇಳುತ್ತೇವೆ. ಸಾಚಾ ಜನ ಎಷ್ಟು ಗಂಟೆ ಕಳೆದುಕೊಂಡರು ಎಂಬ ಕಾಲಂ ಯಾವ ವರದಿಯಲ್ಲೂ ಇರುವುದಿಲ್ಲ.

ಖಾತ್ರಿಯ ಮಟ್ಟಿಗೆ ಇದು ಮೊದಲನೆಯದೂ ಅಲ್ಲ. 2005ರ ಕಾಯ್ದೆ ಬರೆದವರು ಒಂದು ಜಾಣ ತಂತ್ರ ಹೂಡಿದ್ದರು. ಕೆಲಸ ಕೊಟ್ಟರೆ ಕೂಲಿ ಪೂರ್ತಿ ಕೇಂದ್ರದ್ದು; ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ರಾಜ್ಯದ ಖಜಾನೆಯಿಂದ. ತನ್ನ ದುಡ್ಡು ಉಳಿಸಲಾದರೂ ರಾಜ್ಯ ಕೆಲಸ ಕೊಡುತ್ತದೆ ಎಂಬ ಲೆಕ್ಕ. ನಡೆದದ್ದೇನು? ಕೆಲಸ ಕೇಳುವ ನಮೂನೆ 6ಕ್ಕೆ ದಿನಾಂಕ ಹಾಕಿದ ಸ್ವೀಕೃತಿ ಸಿಗುವುದೇ ಕಷ್ಟವಾಯಿತು. ಅರ್ಜಿ ಕೊಟ್ಟ ದಿನವೇ ದಾಖಲಾಗದಿದ್ದರೆ ಹದಿನೈದು ದಿನ ಯಾವಾಗಿನಿಂದ ಎಣಿಸುವುದು? ಭತ್ಯೆ ತಪ್ಪಿಸಲು ಕೆಲಸ ಕೊಡುವುದಕ್ಕಿಂತ ಅರ್ಜಿ ತೆಗೆದುಕೊಳ್ಳದಿರುವುದು ಅಗ್ಗ. ಈ ಭಾಗದ ಕೂಲಿಕಾರ ಸಂಘಟನೆಗಳು ನಮೂನೆ 6 ಹಿಡಿದು ಪಂಚಾಯಿತಿ ಮುಂದೆ ಧರಣಿ ಕೂರುವುದು, ‘ಸ್ವೀಕೃತಿ ಕೊಡ್ರಿ’ ಎಂದು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ಹೊರಗಿನವರಿಗೆ ಒಂದು ಚೀಟಿಗಾಗಿ ಇಷ್ಟು ರಂಪವೇ ಅನ್ನಿಸಬಹುದು. ಇಡೀ ಕಾಯ್ದೆಯ ಕೀಲಿ ಆ ಚೀಟಿಯಲ್ಲಿದೆ.

ಪಗಾರ ತಡವಾದರೆ ಪರಿಹಾರ ಕೊಡಬೇಕೆಂಬ ನಿಯಮವನ್ನೂ ನೋಡಿ. ಹದಿನಾರನೆಯ ದಿನದಿಂದ ದಿನಕ್ಕೆ ಶೇ 0.05. ಆರು ದಿನದ ಕೂಲಿ 2,220 ರೂಪಾಯಿ ನಿಂತರೆ ದಿನಕ್ಕೆ 1 ರೂಪಾಯಿ 11 ಪೈಸೆ ಆಗುತ್ತದೆ. ತಿಂಗಳಿಗೆ ನೂರಕ್ಕೆ ಒಂದೂವರೆ. ಆ ನಡುವೆ ಮನೆ ನಡೆಸಲು ಊರಲ್ಲಿ ನೂರಕ್ಕೆ ಮೂರರಂತೆ ಕೈಸಾಲ ತಂದರೆ ಸರಿಯಾಗಿ ಅದರ ದುಪ್ಪಟ್ಟು ಬಡ್ಡಿ. ತಡ ಮಾಡುವವರಿಗೆ ಅದು ದಂಡವೆಂದು ಅನ್ನಿಸುವಷ್ಟು ದೊಡ್ಡದಲ್ಲ, ಕಾಯುವವರಿಗೆ ಆಸರೆಯಾಗುವಷ್ಟು ದೊಡ್ಡದೂ ಅಲ್ಲ. ಪಕ್ಕದಲ್ಲೇ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಆಳು ಕರೆಯಲು ಬಂದ ಮೇಸ್ತ್ರಿ ಮುಂಗಡ ರೊಕ್ಕ ಕೈಗಿಡುತ್ತಾನೆ. ಒಂದು ಕಡೆ ಅಗೆದ ಮೇಲೂ ಯಾವಾಗ ಬರುತ್ತದೋ ತಿಳಿಯದ ದುಡ್ಡು, ಇನ್ನೊಂದು ಕಡೆ ಹೋಗುವ ಮುಂಚೆಯೇ ಬಂದ ದುಡ್ಡು. ಗುಳೆ ತಡೆಯಲು ಕೂಲಿಯ ದರ ಏರಿಸಿದರೆ ಸಾಕು ಎನ್ನುವವರು ಈ ವ್ಯತ್ಯಾಸ ಮರೆಯುತ್ತಾರೆ. ಕರ್ನಾಟಕದ ದರ 2023–24ರಲ್ಲಿ 316 ಇದ್ದದ್ದು ಮರುವರ್ಷ 349 ಆಯಿತು, ಅದರ ಮರುವರ್ಷ 370. ದರ ಏರಿತು, ಖಚಿತತೆ ಏರಲಿಲ್ಲ.

ತಂತ್ರಜ್ಞಾನವೇ ಬೇಡ ಎಂದು ಇದನ್ನೆಲ್ಲ ಬರೆಯುತ್ತಿಲ್ಲ. ನಮ್ಮ ಗಡಿಯಾಚೆ, ಆಗಿನ ಅಖಂಡ ಆಂಧ್ರ ಪ್ರದೇಶದಲ್ಲಿ 2010ರ ಆಸುಪಾಸಿನಲ್ಲಿ ಖಾತ್ರಿ ಕೂಲಿಕಾರರಿಗೆ ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಕೊಟ್ಟರು. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್‌ತಂಕರ್ ಎಂಬ ಅರ್ಥಶಾಸ್ತ್ರಜ್ಞರು ಕಾರ್ಡ್ ಮೊದಲು ಬಂದ ಮಂಡಲಗಳನ್ನೂ (ಅಲ್ಲಿನ ತಾಲ್ಲೂಕಿನಂಥ ಘಟಕ) ನಂತರ ಬಂದವನ್ನೂ ಹೋಲಿಸಿ ನೋಡಿದಾಗ ಪಗಾರ ಬೇಗ ಬಂದಿತ್ತು, ಅದನ್ನು ತರಲು ಕಳೆಯುವ ಹೊತ್ತು ಇಳಿದಿತ್ತು, ಸೋರಿಕೆಯೂ ತಗ್ಗಿತ್ತು. ಅಲ್ಲಿ ಯಂತ್ರವನ್ನು ದುಡ್ಡಿನ ದಾರಿಯಲ್ಲಿ ಇಟ್ಟಿದ್ದರು. ಕೂಲಿಕಾರಳಿಗೆ ಅದರಿಂದ ಸಿಗುವುದು ಇತ್ತು. ಹಾಗಾಗಿ ಕಾರ್ಡ್ ಸರಿಯಾಗಿ ನಡೆಯಲಿ ಎಂದು ಅವಳೂ ಬಯಸಿದಳು. ನಮ್ಮ ಫೋಟೋ ಅವಳ ಹೊತ್ತಿನ ದಾರಿಯಲ್ಲಿ ಕೂತಿದೆ, ಅದು ನಡೆಯದ ದಿನ ಕಳೆದುಕೊಳ್ಳುವವಳು ಅವಳೊಬ್ಬಳೇ. ಆ್ಯಪ್ ಕೆಟ್ಟ ದಿನದ ಕೂಲಿಯನ್ನು ಆ್ಯಪ್ ನಡೆಸುವವರೇ ತುಂಬಿಕೊಡಬೇಕೆಂಬ ಒಂದು ಸಾಲು ಇದ್ದಿದ್ದರೆ ನೆಟ್‌ವರ್ಕ್ ತೊಂದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ ಎಂದು ನನ್ನ ಗುಮಾನಿ.

ಈ ಅನುಭವ ಈಗ ಹೆಚ್ಚು ಮುಖ್ಯವಾಗುತ್ತದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ, ಅಂದರೆ 2005ರ ಈ ಖಾತ್ರಿ ಕಾಯ್ದೆಯ, ಜಾಗಕ್ಕೆ ಹೊಸ ಕಾಯ್ದೆಯೊಂದನ್ನು ಒಪ್ಪಿತು. ‘ವಿಬಿ–ಜಿ ರಾಮ್ ಜಿ’ ಎಂದು ಅದರ ಸಂಕ್ಷಿಪ್ತ ಹೆಸರು. ನೂರು ದಿನದ ಬದಲು 125 ದಿನ. ಕೂಲಿಯ ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಹಳೆಯ ಕಾಯ್ದೆಯಲ್ಲಿ ಕೆಲಸ ಕೊಟ್ಟಷ್ಟೂ ರಾಜ್ಯಕ್ಕೆ ಲಾಭವಿತ್ತು. ಈಗ ಕೊಟ್ಟ ಪ್ರತಿ ದಿನಕ್ಕೂ ರಾಜ್ಯದ ಜೇಬಿನಿಂದ ಹೋಗುತ್ತದೆ. ಲಾಭವಿದ್ದಾಗಲೇ ಸ್ವೀಕೃತಿ ಕೊಡದವರು ಖರ್ಚಿದ್ದಾಗ ಕೊಟ್ಟಾರೆಯೇ?

ನನಗೆ ಹೆಚ್ಚು ಕುತೂಹಲ ಇರುವುದು ಇನ್ನೊಂದು ಅಂಶದಲ್ಲಿ. ಬಿತ್ತನೆ, ಕೊಯ್ಲಿನ ಹಂಗಾಮಿನಲ್ಲಿ ರೈತರಿಗೆ ಆಳು ಸಿಗಲೆಂದು ವರ್ಷಕ್ಕೆ 60 ದಿನಗಳ ತನಕ ಈ ಕೆಲಸ ನಿಲ್ಲಿಸಬಹುದು. ಆಳು ಸಿಗುವುದಿಲ್ಲ ಎಂಬ ರೈತರ ದೂರು ಸುಳ್ಳಲ್ಲ. ನಾಲ್ಕೆಕರೆ ತೊಗರಿ ಒಣಗಿ ನಿಂತು ಕಾಯಿ ಸಿಡಿಯುತ್ತಿರುವಾಗ ಆಳಿಗಾಗಿ ಅಲೆದವರ ಸಂಕಟ ದೊಡ್ಡದು. ಆದರೆ ಕೊಯ್ಲಿನ ಭರದಲ್ಲಿ ಹೊಲದ ಕೂಲಿ ಏರುತ್ತದೆ, ಕೈಯಲ್ಲಿ ಕಸುವಿದ್ದವರು ಆಗ ಖಾತ್ರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಆ ಹೊತ್ತಿನಲ್ಲೂ ಖಾತ್ರಿ ಕೇಳಿ ಬರುವವರು ಯಾರು? ಹೊಲದಲ್ಲಿ ಯಾರೂ ಕರೆಯದವರು. ವಯಸ್ಸಾದ ಒಂಟಿ ಹೆಂಗಸರು, ಬೇಗ ದಣಿಯುವವರು, ಎಳೆಗೂಸಿನ ತಾಯಂದಿರು, ರಾಶಿ ಯಂತ್ರ ಬಂದ ಮೇಲೆ ಕಣದ ಕೆಲಸ ಕಳೆದುಕೊಂಡವರು. ಬಾಗಿಲು ಹಾಕಿದರೆ ಹೊರಗುಳಿಯುವುದು ಅವರು; ರೈತನಿಗೆ ಬೇಕಾದ ಗಟ್ಟಿ ಆಳು ಆ ಬಾಗಿಲ ಒಳಗೆ ಮೊದಲೇ ಇರಲಿಲ್ಲ. ಹೊಲದ ಕೆಲಸಕ್ಕೆ ಹೋಗುವವರಿಗೂ ಒಂದು ನಷ್ಟವಿದೆ: ‘ನೀ ಕೊಡದಿದ್ದರ ಖಾತ್ರಿಗಿ ಹೋಗ್ತೀನಿ’ ಎಂದು ಗೌಡರ ಮುಂದೆ ಹೇಳುವ ಮಾತು ಆ ಅರವತ್ತು ದಿನ ಬಾಯಿಗೆ ಬರುವುದಿಲ್ಲ. ಕೂಲಿ ಕುದುರುವುದು ಆ ದಿನಗಳಲ್ಲೇ.

ಆ 60 ದಿನ ಯಾವುವು ಎಂದು ಗೊತ್ತುಪಡಿಸುವುದು ರಾಜ್ಯದ ಕೈಯಲ್ಲಿದೆ, ಪ್ರದೇಶಕ್ಕೆ ತಕ್ಕಂತೆ ಬೇರೆ ಬೇರೆ ದಿನ ಹೊರಡಿಸಲೂ ಅವಕಾಶವಿದೆ. ಕಲಬುರಗಿಯ ತೊಗರಿ ಕೊಯ್ಲು ಡಿಸೆಂಬರ್, ಜನವರಿ. ಬೀದರ್ ಕಡೆ ಹೆಸರು, ಉದ್ದು ಮಳೆಗಾಲ ಮುಗಿಯುವ ಮೊದಲೇ ಕೈಗೆ ಬಂದು, ಸೋಯಾ ಅಕ್ಟೋಬರ್ ಹೊತ್ತಿಗೆ ರಾಶಿಯಾಗುತ್ತದೆ. ಯಾದಗಿರಿಯಲ್ಲಿ ಹತ್ತಿಯನ್ನು ಒಂದೇ ಸಲಕ್ಕೆ ಬಿಡಿಸಲಾಗದು, ಸುಗ್ಗಿ ತಿಂಗಳುಗಟ್ಟಲೆ ಎಳೆಯುತ್ತದೆ. ಅದೇ ಜಿಲ್ಲೆಯ ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತಕ್ಕೆ ಬೇರೆಯದೇ ಪಂಚಾಂಗ. ಅಫಜಲಪುರದ ಕಬ್ಬಿಗೆ ಇನ್ನೊಂದು. ಕಲಬುರಗಿಯ ಬಿಸಿಲಿಗೆ ಶೇ 30ರ ರಿಯಾಯಿತಿ ಬರೆದ ಕೈಯೇ ಈ ದಿನಾಂಕಗಳನ್ನೂ ಬರೆಯಬೇಕಾಗಿದೆ. ಊರ ಹೊರಗೆ ಜಾಲಿ ಗಿಡದ ಕೆಳಗೆ ಕೂತವರಿಗೆ ಆ ಪಟ್ಟಿಯ ಬಗ್ಗೆ ಸದ್ಯಕ್ಕೆ ಆಸಕ್ತಿಯಿಲ್ಲ. ನಾಲ್ಕು ಗಂಟೆ ತುಂಬಲು ಇನ್ನೂ ಇಪ್ಪತ್ತು ನಿಮಿಷ ಇದೆ, ಕಾಯಕಬಂಧುವಿನ ಫೋನಿನಲ್ಲಿ ಚಾರ್ಜ್ ಕಡಿಮೆಯಾಗಿದೆ.